ಗಿನಿಕೋಳಿಗೆ ಟೋಪಿ

ಏಳು ದಿನದ ಕೂಸಿನ ತಲೆ ಬೋಳಿಸುವುದು ನನ್ನ ಕಸುಬು.
ಅಪ್ಪನ ಕತ್ತಿ, ಅವನಪ್ಪನ ಸಾಣೆಕಲ್ಲು,
ಕೈ ಮಾತ್ರ ನನ್ನದು.
ಯೆಂಡಿ ರಸ್ತೆಯ ಎರಡೂ ಬದಿಯ ಊರುಗಳಲ್ಲಿ
ನಾನು ಮುಟ್ಟದ ನೆತ್ತಿಯಿಲ್ಲ.
ಗಡ್ಡ ಬಂದವರು, ಲಾರಿ ಓಡಿಸುವವರು
ನನ್ನ ಕಂಡರೆ ಇಂದಿಗೂ ತಲೆ ಸವರಿಕೊಳ್ಳುತ್ತಾರೆ.

ಹಾಗಾಗಿ ನನಗೆ ಗೊತ್ತು:
ಕೂದಲು ಹೋದ ಕೂಡಲೇ ತಲೆ ಉಸಿರಾಡುತ್ತದೆ.
ಅಂಗೈ ಇಟ್ಟು ನೋಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ
ಬಿಸಿ ಗೆಣಸಿನ ಹಬೆ.
ಎಳೆನೆತ್ತಿಯ ನಡುವೆ, ಮೂಳೆ ಇನ್ನೂ ಕೂಡದ ಕಡೆ,
ಯಾರೋ ಒಳಗಿಂದ ಬಾಗಿಲು ತಟ್ಟುವ ಹಾಗೆ
ಟಪ್ ಟಪ್.
ಅಲ್ಲಿ ಕತ್ತಿಯನ್ನು ತೇಲಿಸಬೇಕು.

ನಮ್ಮ ಅಂಗಳದ ಗಿನಿಕೋಳಿಗಳ ತಲೆ ಬೋಳಿಸಿದ್ದು ಮಾತ್ರ ನಾನಲ್ಲ.
ಬೂದಿಯ ಮೇಲೆ ಜೋಳದ ಹಿಟ್ಟು ಚೆಲ್ಲಿದಂತೆ ಮೈತುಂಬ ಚುಕ್ಕಿ,
ಕುತ್ತಿಗೆಗೆ ಬಂದದ್ದೇ ತಡ ಗರಿ ಮುಗಿದುಹೋಗಿದೆ,
ನೇಯುವವ ನೂಲು ಸಾಲದೆ ಬಿಟ್ಟ ಅಂಗಿಯ ಹಾಗೆ.
ನೀಲಿ ಚರ್ಮ, ಕೆಂಪು ಜೋಲು,
ನೆತ್ತಿಯ ಮೇಲೊಂದು ಮೊಂಡು ಕೊಂಬು.
‘ಇವಕ್ಕೆ ಯಾರಪ್ಪಾ ಕ್ಷೌರ ಮಾಡಿದವರು?’ ಗಿರಾಕಿಗಳು ಕೇಳಿದರೆ
‘ನನಗಿಂತ ಹಳಬ,’ ಎನ್ನುತ್ತೇನೆ. ‘ದುಡ್ಡೂ ಕೇಳಿಲ್ಲ.’

ಹರ್ಮಟಾನ್ ಗಾಳಿಯ ತಿಂಗಳು.
ಉತ್ತರದ ಮರಳುಗಾಡು ಧೂಳಾಗಿ ಬಂದು
ನೀರಿನ ಹರವಿಯ ಮೇಲೆ ಕೂರುತ್ತದೆ.
ಬೆಳಗಿನ ಜಾವ ತುಟಿ ಒಡೆಯುವ ಚಳಿ,
ನಡುಹಗಲು ಮಾಡಿನ ತಗಡು ಚಟಗುಟ್ಟುವ ಬಿಸಿಲು.

ಅಂಥದೊಂದು ಬೆಳಗ್ಗೆ ಮೊಮ್ಮಗ ವುಂಪಿನಿ
ಕೊರಳನ್ನು ಮೈಯೊಳಗೆಳೆದು, ತಲೆಯನ್ನು ಗರಿಯಲ್ಲಿ ಹೂತು
ಚೆಂಡಿನಂತೆ ಕೂತ ಕೋಳಿಯನ್ನು ನೋಡಿದ.
ಮನೆಮಂದಿಗೆಲ್ಲ ಟೋಪಿ, ಇದಕ್ಕಿಲ್ಲ.
ತಂಗಿಗೆ ಹೆಸರಿಟ್ಟ ದಿನ ಸೋದರತ್ತೆ ಹೆಣೆದು ತಂದ
ಹಳದಿ ಉಣ್ಣೆಯ ಟೋಪಿ,
ಕಣ್ಣು ಕೊಕ್ಕು ಬಿಟ್ಟು ಕೊರಳಿನ ಬುಡದವರೆಗೆ ಇಳಿಸಿ
ದಾರ ಬಿಗಿದ.
ಊರಲ್ಲಿ ಒಬ್ಬರಿಗೊಬ್ಬರು ಟೋಪಿ ಹಾಕುವುದನ್ನು ಬಹಳ ಕಂಡಿದ್ದೇನೆ,
ಇಷ್ಟು ಪ್ರೀತಿಯಿಂದ ಹಾಕಿದವರನ್ನು ಕಂಡಿರಲಿಲ್ಲ.
ನಕ್ಕು, ಕತ್ತಿ ಮಸೆಯಲು ಕೂತೆ.

ಮಧ್ಯಾಹ್ನ
ಮಿಕ್ಕವು ಶಿಯಾ ಮರದ ನೆರಳಲ್ಲಿ
ಕೊರಳು ನೀಳ ಮಾಡಿ, ರೆಕ್ಕೆ ಸಡಿಲಿಸಿ ನಿಂತಿದ್ದವು.
ಆ ನೀಲಿ ಚರ್ಮದಡಿ ನೆತ್ತರು
ಜಗುಲಿಗೆ ಬಂದು ಕೂತು
ಒಂದಿಷ್ಟು ಗಾಳಿ ತಗೊಂಡು
ಒಳಗೆ ಹೋಗುತ್ತಿತ್ತು.
ಟೋಪಿಯ ಕೋಳಿ ನೆರಳಲ್ಲಿದ್ದೂ ಬಿಸಿಲಲ್ಲಿತ್ತು.
ತೆರೆದ ಕೊಕ್ಕು. ತಿದಿಯಂತೆ ಗಂಟಲು.
ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಮರೆತು
ಕುಸಿದು ಕೂತಿತು.

ಗಂಟು ಬಿಚ್ಚಲು ನಿಲ್ಲಲಿಲ್ಲ. ಕತ್ತಿ ಕೈಯಲ್ಲೇ ಇತ್ತು.
ದಾರ ಕೊಯ್ದು ಟೋಪಿ ಕಿತ್ತು
ಹಳೆಯ ಅಭ್ಯಾಸ, ಅಂಗೈ ಇಟ್ಟೆ.
ಆಗಷ್ಟೆ ಒಲೆಯಿಂದ ಇಳಿಸಿದ ಗಡಿಗೆ!
ಸಾವಿರ ತಲೆ ಮುಟ್ಟಿದ ಕೈ
ಹೆಬ್ಬೆರಳಷ್ಟು ತಲೆಗೆ ಬೆದರಿ ಹಿಂದೆ ಸರಿಯಿತು.

ಹುಡುಗ ಅಳುತ್ತಿದ್ದ. ‘ಚಳಿಯಾಗದಿರಲಿ ಅಂತ...’
ನಾನೇನೂ ಹೇಳಲಿಲ್ಲ. ಅವನ ಬೆರಳು ಹಿಡಿದು
ಕೋಳಿಯ ಕೊರಳಿಗೆ ಮುಟ್ಟಿಸಿದೆ. ಆಮೇಲೆ ಇನ್ನೊಮ್ಮೆ.
ಇನ್ನೊಮ್ಮೆ.
ಒಂದು ನಮಾಜು ಮುಗಿಯುವಷ್ಟು ಹೊತ್ತು.
ಸುಡುತ್ತಿದ್ದದ್ದು ಬಿಸಿಯಾಯಿತು, ಬಿಸಿ ಬೆಚ್ಚಗಾಯಿತು,
ಬೆಚ್ಚಗಾದದ್ದು ಎದ್ದು
ನಮ್ಮಿಬ್ಬರನ್ನೂ ಬೈಯುತ್ತ ಓಡಿತು.
ಗಿನಿಕೋಳಿಯ ಬೈಗುಳ ಗೊತ್ತಲ್ಲ,
ಎಣ್ಣೆ ಕಾಣದ ಬಾವಿಯ ರಾಟೆ.

ಟೋಪಿಗೆ ಬೇರೆ ದಾರ ಹಾಕಬೇಕು. ಸೊಸೆಗೆ ಇನ್ನೂ ಹೇಳಿಲ್ಲ.
ಬೈಗಾದ ಮೇಲೆ ಕೋಳಿಗಳು ಬೇವಿನ ಕೊಂಬೆಗೆ ಹಾರಿದವು.
ಚಳಿ ಇಳಿದಂತೆ ಒಂದೊಂದೇ ಕೊರಳು ಒಳಸೇರಿತು,
ಒಂದೊಂದೇ ಮನೆ ಬಾಗಿಲು ಹಾಕಿಕೊಂಡಿತು.
ಎಲ್ಲಕ್ಕಿಂತ ತಡವಾಗಿ, ಅದೇ ಕೋಳಿ.

ನನ್ನ ಟೋಪಿ ತೆಗೆದು ಮಂಡಿಯ ಮೇಲಿಟ್ಟು ಕೂತಿದ್ದೆ,
ಎಪ್ಪತ್ತರ ಬೋಳುತಲೆ.
ವುಂಪಿನಿ ಹಿಂದಿನಿಂದ ಬಂದು
ಸದ್ದಿಲ್ಲದೆ
ಅಂಗೈ ಇಟ್ಟು ನೋಡಿದ.