ನಲವತ್ತೊಂದನೆಯ ಪುಟದ ಅಂಚು

ಪೆನ್ಶನ್ ಮೊಹಲ್ಲಾದ ಶಾಖಾ ಗ್ರಂಥಾಲಯದಲ್ಲಿ
ಈ ವಾರ ನನಗೆ ಕೊಟ್ಟ ಕೆಲಸ: ರಬ್ಬರು.
ಶನಿವಾರ ಲೇಖಕರೇ ಬರುತ್ತಾರೆ,
ಓದುಗರು ಅಂಚಿನಲ್ಲಿ ಗೀಚಿದ್ದನ್ನೆಲ್ಲ ಅಳಿಸಿಡು
ಎಂದರು ಮೇಲ್ವಿಚಾರಕರು.
ಅಭಿಪ್ರಾಯಕ್ಕೆ ಬೇರೆ ರಿಜಿಸ್ಟರಿದೆ.
ಅದರ ತುಂಬ ಒಂದೇ ಅಳತೆಯ ಮಾತು:
ಉತ್ತಮ ಕೃತಿ, ಸ್ಫೂರ್ತಿದಾಯಕ, ಎಲ್ಲರೂ ಓದಲೇಬೇಕು.
ಸಹಿ, ಸಹಿ, ಹೆಬ್ಬೆಟ್ಟಿನಂಥ ಸಹಿ.

ಪುಸ್ತಕದ ಹೆಸರು 'ಉಳಿದ ಕೈ'.
ಬರೆದವರು ಸಿ. ಕ್ಸೇವಿಯರ್.
ದುದ್ದದಾಚೆಯ ಜಲ್ಲಿ ಕ್ರಷರಿನ ಬೆಲ್ಟು
ಹತ್ತೊಂಬತ್ತಕ್ಕೇ ಎಡಗೈ ಎಳೆದುಕೊಂಡಿತು;
ಈಗ ಕಾಲೇಜು, ಕಾರ್ಖಾನೆ, ಜೈಲು, ಚರ್ಚಿನ ಅಂಗಳ,
ಎಲ್ಲಿ ಮೈಕು ಕೊಟ್ಟರೂ ಹೇಳುತ್ತಾರೆ:
ಕರ್ತನು ಒಂದು ಕೈ ತೆಗೆದುಕೊಂಡು ಎರಡು ರೆಕ್ಕೆ ಕೊಟ್ಟನು.

ಆ ಸಾಲಿನ ಪಕ್ಕ ಪೆನ್ಸಿಲ್ಲು:
ರೆಕ್ಕೆ ಇದ್ದೋರಿಗೆ ಬಸ್ ಪಾಸ್ ಯಾಕೆ ಸ್ವಾಮಿ?
ಅಳಿಸಿದೆ. ನಗು ಅಳಿಯಲಿಲ್ಲ.

ಇನ್ಯಾರೋ ಗೆರೆ ಹಾಕಿ ಹಾಕಿ ಎಣಿಸಿದ್ದಾರೆ:
ಯೇಸು ಅನ್ನೋ ಹೆಸರು ಇನ್ನೂರ ಹದಿನಾಲ್ಕು ಸಲ. ಇದು ಪ್ರಚಾರ.
ಅದರ ಕೆಳಗೆ ಬೇರೆ ಕೈ, ಗುಂಡಗಿನ ಅಕ್ಷರ:
ಎಣಿಸಿದಿರಲ್ಲ, ಜಪವಾಯ್ತು ಬಿಡಿ.
ಎರಡನ್ನೂ ಒಟ್ಟಿಗೇ ಉಜ್ಜಿದೆ,
ಜಗಳ ಬಿಡಿಸಿದವಳ ಹಾಗೆ.

ಇವನು ಪಾಲಿಟೆಕ್ನಿಕ್ ಹುಡುಗನಿರಬೇಕು.
ಅಧ್ಯಾಯ ಮುಗಿದಲ್ಲೆಲ್ಲ 'ನಾಳೆಯಿಂದ' ಎಂದು ಬರೆದು
ತಾರೀಕು ಹಾಕಿದ್ದಾನೆ.
ಏಳು ಅಧ್ಯಾಯ, ಏಳು ನಾಳೆ.

ಒಬ್ಬರದ್ದು ಅಕ್ಷರವೇ ಇಲ್ಲ, ಗ್ರೀಸಿನ ಬೆರಳಚ್ಚು,
ಮೊದಲ ಪುಟದಿಂದ ಕೊನೆಯ ರಟ್ಟಿನವರೆಗೆ.
ಪೂರ್ತಿ ಓದಿದ್ದು ಬಹುಶಃ ಅವರೊಬ್ಬರೇ.

ತೊಂಬತ್ತರ ಹತ್ತಿರ ಒಂದು ಕಡೆ:
ಅದೇ ಕ್ರಷರಿನಲ್ಲಿ ನನ್ನ ತಮ್ಮನ ಕಾಲು ಹೋಯ್ತು.
ಅವನನ್ನು ಯಾರೂ ಮೈಕಿಗೆ ಕರೆದಿಲ್ಲ.
ಇದನ್ನು ಕೊನೆಗೆ ಅಳಿಸೋಣ ಎಂದು ಬಿಟ್ಟೆ.
ಮರೆತೆ ಎಂದು ಹೇಳಿಕೊಳ್ಳುತ್ತೇನೆ.

ಮದುವೆಯ ವಿಷಯ ಒಂದೂವರೆ ಪುಟ.
ಅದರಡಿ, ತೀರ ಸಣ್ಣಗೆ:
ಬಲತೋಳಿನ ಗುಂಡಿ ಹಾಕೋರು ಯಾರು
ಅಂತ ಬರೆಯೋದು ಮರೆತಿದ್ದಾರೆ.
ರಬ್ಬರು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.
ಎರಡು ಕೈ ಇದ್ದವರ ಗುಂಡಿಯನ್ನೂ
ನಮ್ಮನೆಯಲ್ಲಿ ನಾನೇ ಹಾಕುವುದು.

ನಲವತ್ತೊಂದು. ಇಡೀ ಪುಟ ಮಳೆ.
ಗುಡುಗು, ಕೆಸರು, ಮುಳುಗಿದ ರಸ್ತೆ,
ಟೆಂಪೋದ ಹಿಂಬದಿಯಲ್ಲಿ ರಕ್ತಕ್ಕೆ ಬೆರೆವ ನೀರು,
ನಿನ್ನ ಚಿತ್ತದಂತೆ ಆಗಲಿ ಎಂಬ ಪ್ರಾರ್ಥನೆ.
ಅಂಚಿನಲ್ಲಿ ನೀಲಿ ಬಾಲ್ ಪೆನ್ನು, ಒತ್ತಿ ಬರೆದದ್ದು:
ಟೆಂಪೋ ನಂದು. ಅವತ್ತು ಮಳೆ ಇರಲಿಲ್ಲ. ಧೂಳು.
ಚೌರಪ್ಪ ದೇವರ ಹೆಸರು ಎತ್ತಲಿಲ್ಲ.
ದೊಡ್ಡಾಸ್ಪತ್ರೆ ಗೇಟಿನ ತನಕ ಕೇಳಿದ್ದು ಒಂದೇ,
ನನ್ನ ವಾಚು ಎಲ್ಲಿ.

ಕ್ಸೇವಿಯರ್ ಅಲ್ಲ. ಚೌರಪ್ಪ.
ಉಜ್ಜಿದೆ. ಕಾಗದ ತೆಳ್ಳಗಾಯಿತು,
ಶಾಯಿ ಜಗ್ಗಲಿಲ್ಲ.

ಶನಿವಾರ ಬಂದರು. ಬಿಳಿ ಅಂಗಿ,
ಎಡತೋಳು ಮಡಿಸಿ ಪಿನ್ನು.
ಹಾರ, ಕಾಫಿ, ಫೋಟೊಗಳ ನಡುವೆ
ಆ ಪ್ರತಿಯನ್ನು ತಾವೇ ಎತ್ತಿಕೊಂಡು
ಹೆಬ್ಬೆರಳಿನಲ್ಲಿ ಪುಟ ಸರಿಸುತ್ತ
ಸವೆದ ಜಾಗಕ್ಕೆ ಬಂದು ನಿಂತರು.
ಯಾರು ಬರೆದದ್ದು ಎಂದು ಕೇಳುತ್ತಾರೆಂದು
ಟೋಕನ್ ಪುಸ್ತಕವನ್ನು ಆಗಲೇ ಮೇಜಿನ ಕೆಳಗೆ ತಳ್ಳಿದ್ದೆ.
ಕೇಳಲಿಲ್ಲ.
ಎಚ್ಚೆಮ್ಟಿ, ಎಂದರು, ನನಗಷ್ಟೇ ಕೇಳುವ ಹಾಗೆ.
ಮೊದಲ ಸಂಬಳದ್ದು. ಕತ್ತಲಲ್ಲೂ ಮುಳ್ಳು ಹೊಳೀತಿತ್ತು.

ಆಮೇಲೆ ಮೈಕು ಹಿಡಿದರು.
ಮತ್ತೆ ಮಳೆ ಸುರಿಯಿತು, ಗುಡುಗಿತು,
ಮುಂದಿನ ಸಾಲು ಸೆರಗಿನಲ್ಲಿ ಕಣ್ಣೊರೆಸಿಕೊಂಡಿತು.
ಧೂಳೆಂದು ಗೊತ್ತಿದ್ದ ನಾನೂ
ಬಾಗಿಲ ಬಳಿ ನಿಂತು
ತೊಪ್ಪೆಯಾಗಿ ನೆನೆದೆ.