ಹೆಬ್ಬಾತಿನ ಪಕ್ಷ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ ನನ್ನ ಪಬ್ಬು.
ತಿಂಗಳ ಎರಡನೇ ಗುರುವಾರ ಒಳಕೋಣೆಯಲ್ಲಿ
ಐದು ಜನ, ಐದು ಗ್ಲಾಸು, ಒಂದು ಪುಸ್ತಕ.
ಹನ್ನೊಂದು ವರ್ಷದಿಂದ ಅದೇ ಪುಸ್ತಕ.
ನಾನದನ್ನು ಓದಿದವನಲ್ಲ. ಮೇಜು ಒರೆಸುತ್ತ
ಕಿವಿಗೆ ಬಿದ್ದಷ್ಟೇ ನನ್ನ ಪಾಂಡಿತ್ಯ:

ಪಟ್ಟಾಭಿಷೇಕದ ಓಲೆ ಬರೆಯುವಾಗ ಗುಮಾಸ್ತ ಸೀನಿ,
ಹೆಸರಿನ ಮೇಲೆ ಮಸಿ ಚೆಲ್ಲಿ,
ಯುವರಾಜನ ಬದಲು ಹೆಬ್ಬಾತೊಂದು ಸಿಂಹಾಸನ ಏರುತ್ತದೆ.
ಬರೆದದ್ದು ಬರೆದಾಯಿತು. ಮಂತ್ರಿಗಳು ಅಡ್ಡಬೀಳುತ್ತಾರೆ.
ನಲವತ್ತು ವರ್ಷ ಯುದ್ಧವೇ ಇಲ್ಲ,
ದಂಡನಾಯಕ ಅಪ್ಪಣೆ ಕೇಳಲು ಬಂದಾಗಲೆಲ್ಲ
ದೊರೆ ಅವನ ಮೊಣಕಾಲು ಕಚ್ಚಿದ್ದರಿಂದ.

"ಮೊದಲ ನೂರು ಪುಟ ಅಪ್ಪಟ ಬಂಗಾರ," ವಿನಿಫ್ರೆಡ್ ಟಾಸ್ಕರ್.
ಶಾಲೆಯೆದುರು ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಕೈ
ಈಗಲೂ ಮಾತಿಗೆ ಅಡ್ಡ ನೆಟ್ಟಗೆ ಏಳುತ್ತದೆ.
"ಆಮೇಲೆ ಆ ಮಾಟಗಾತಿಯರ ಮುಷ್ಕರ ಯಾಕೆ ಬೇಕಿತ್ತು?
ಊಟಕ್ಕೆ ಕರೆದು ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ."

"ಮುಷ್ಕರವೇ ಬೆನ್ನೆಲುಬು!" ಮೀನು ಸೀಳುವ ಡಾನುತಾ
ಗ್ಲಾಸು ಕುಟ್ಟಿದಳು.
"ಪೊರಕೆಗೆ ಬಾಡಿಗೆ ಕಟ್ಟು ಅಂದರೆ ಯಾರು ಹಾರುತ್ತಾರೆ?
ನಮ್ಮ ಮಾಲೀಕ ಕೈಗವಸಿಗೂ ಸಂಬಳದಲ್ಲಿ ಹಿಡಿದಿದ್ದ."

ನರ್ಸ್ ಫೊಲಾಶಾದೆಗೆ ಸಿದ್ಧಾಂತದ ಹಂಗಿಲ್ಲ.
ರಾತ್ರಿ ಪಾಳಿಯಲ್ಲಿ ಕರುಳು ಕುಯ್ಸಿಕೊಂಡವನಿಗೆ
ಮೊಣಕಾಲಿನ ಪ್ರಕರಣ ಓದಿ ಹೇಳಿದಳಂತೆ,
ಎರಡು ಹೊಲಿಗೆ ಬಿಟ್ಟವಂತೆ.
"ಇದಕ್ಕಿಂತ ವಿಮರ್ಶೆ ಬೇಕೇ?"

ಹತ್ತೊಂಬತ್ತರ ಜ್ಯಾರೆಡ್ ಮಂಬಿಗೆ ಮಾಯೆಯ ನಿಯಮ ಬೇಕು.
"ಮಾಂತ್ರಿಕ ಇಲ್ಲಿ ಬೆಂಕಿ ಉಗುಳುತ್ತಾನೆ,
ಮುಂದಿನ ಪುಟದಲ್ಲಿ ಬೆಂಕಿಪೆಟ್ಟಿಗೆ ಸಾಲ ಕೇಳುತ್ತಾನೆ!"
"ತಮಾಷೆ ಇರೋದೇ ಅಲ್ಲಿ ಕಣೋ," ನಾಲ್ವರೂ ಒಟ್ಟಿಗೆ.
ಅವನ ಕಿವಿ ಬೇಯಿಸಿದ ಏಡಿಯ ಹಾಗೆ ಕೆಂಪು.
"ಸರಿ, ಕೊನೆಯ ಮಾತಾಡಿ.
ಅಷ್ಟು ನಗಿಸಿ ದೊರೆಯನ್ನು ಸಾಯಿಸಿದ್ದು ಮೋಸ ಅಲ್ವಾ?"

"ದೊರೆ ಸಾಯೋದಿಲ್ಲ," ಅಂದ ಸಿರಿಲ್ ಗಾರ್‌ಸೈಡ್.

ಮಂಜುಗಡ್ಡೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು.
ಮಾತೂ ಹಾಗೇ, ಅಚ್ಚಿನಿಂದ ಬಿದ್ದ ಚೌಕ.
"ಸಾಯುತ್ತೆ, ಇನ್ನೂರ ಮೂವತ್ತನೇ ಪುಟ," ಜ್ಯಾರೆಡ್
ಅವನ ಪ್ರತಿಯನ್ನೇ ಎಳೆದು ಬಿಚ್ಚಿದ.
ಇನ್ನೂರ ಹನ್ನೆರಡರ ನಂತರ ಏನೂ ಇಲ್ಲ.
ಬ್ಲೇಡಿನಲ್ಲಿ ನೇರವಾಗಿ ಕೊಯ್ದ ಅಂಚು.
ಆ ಪುಟದಲ್ಲಿ ದೊರೆ ರಾಯಭಾರಿಯ ಸೂಪಿನ ಬೋಗುಣಿಯಲ್ಲಿ
ಸ್ನಾನಕ್ಕಿಳಿದಿದೆ, ಅಷ್ಟೇ.

"ಈಡಿತ್ ಇಲ್ಲೀತನಕ ಓದಿ ಹೇಳಿದ್ದಳು," ಅಂದ ಸಿರಿಲ್.
"ನಾಳೆ ಮುಂದಿನದು ಅಂತ ಕನ್ನಡಕ ತೆಗೆದಿಟ್ಟಳು."

ವಿನಿಫ್ರೆಡ್‌ಳ ಕೈ ತಾನಾಗಿ ಎದ್ದಿತು.
ಎಲ್ಲ ವಾಹನ ನಿಂತ ಹಾಗೆ ಕೋಣೆ ನಿಂತಿತು.
ಯಾರೋ ದಾಟಿಹೋಗುವಷ್ಟು ಹೊತ್ತು.

ಕೈ ಇಳಿಯಿತು. ಡಾನುತಾ ಮೂಗು ಏರಿಸಿಕೊಂಡು,
"ಆದರೂ ಮುಷ್ಕರ ಇನ್ನೂ ಎರಡು ಅಧ್ಯಾಯ ಇರಬೇಕಿತ್ತು," ಅಂದಳು.
ಮತ್ತೆ ರಂಪ. ಜ್ಯಾರೆಡ್ ಮಾತ್ರ ಪುಸ್ತಕ ಮುಚ್ಚಿ,
ಮೇಜಿನ ಬಿಯರು ತಾಗದಂತೆ ಕರವಸ್ತ್ರದ ಮೇಲಿಟ್ಟ.

"ನೀನು ಹೇಳಯ್ಯ, ಓದದವನು, ನಿಷ್ಪಕ್ಷಪಾತಿ,
ದೊರೆ ಸಾಯುತ್ತೋ ಇಲ್ವೋ? ಯಾರ ಪಕ್ಷ?"
"ಹೆಬ್ಬಾತಿನದು," ಅಂದೆ.
"ಅದಕ್ಕಾದರೆ ಎರಡೆರಡು ಪಕ್ಷ."

ಸಿರಿಲ್ ನಗಲಿಲ್ಲ. ಗ್ಲಾಸು ಮುಂದೆ ತಳ್ಳಿದ.
ತುಂಬಿ ತುಳುಕುವಷ್ಟು ಸುರಿದುಕೊಟ್ಟೆ.
ಲೆಕ್ಕದ ಪುಸ್ತಕದಲ್ಲಿ ಅವನ ಹೆಸರು ಹುಡುಕುವಾಗ
ಅದೇನೋ, ಸರಿಯಾಗಿ ಆಗಲೇ
ಒಂದು ಸೀನು ಬಂತು.