ನೀರಾಗದೆ ಹೋಗುವುದು

ಮಾಚೇನಹಳ್ಳಿಯ ಶೆಡ್ಡಿನಲ್ಲಿ ರಾತ್ರಿ ಪಾಳಿ.
ಮುನ್ನೂರ ಹನ್ನೆರಡು ಸೀಸೆ, ಒಂದೊಂದರಲ್ಲೂ
ಎರಡು ಮಿಲಿ ಹಾಲುಬಣ್ಣದ ನೀರು,
ನೀರೊಳಗೆ ಔಷಧಿ ಹೊತ್ತ ನ್ಯಾನೊ ಕಣಗಳು.
ಒಂದನ್ನೊಂದು ಮುಟ್ಟಬಾರದು.
ಮುಟ್ಟಿದರೆ ಮೈಲಿಗೆಯಲ್ಲ,
ಮುಟ್ಟಿದರೆ ಮುದ್ದೆ.

ಮೈನಸ್ ನಲವತ್ತೈದಕ್ಕೆ ಹೆಪ್ಪುಗಟ್ಟಿಸಿ
ಗಾಳಿ ಹೀರಲು ಪಂಪಿಗೆ ಹೇಳಿ
ಬಾಗಿಲ ತಿರುಪು ಬಿಗಿದು ಕೂತಿದ್ದೇನೆ.
ಇನ್ನೆರಡು ದಿನ ಒಳಗಿನ ಮಂಜು
ನೀರಾಗದೆ ಹೋಗಬೇಕು.

ಅದೇ ಕಷ್ಟ, ನೀರಾಗದೆ ಹೋಗುವುದು.
ಕರಗುವುದು ಯಾರಿಗೂ ಬರುತ್ತದೆ: ಬೆಲ್ಲಕ್ಕೆ, ಉಪ್ಪಿಗೆ,
ಹಾಲೇಶಪ್ಪ ಸರ್ ಎದುರು ನಿಂತ ನನಗೆ.
ಗಟ್ಟಿಯಿದ್ದದ್ದು ನಡುವಿನ ಮೆಟ್ಟಿಲು ತುಳಿಯದೆ
ಸೀದಾ ಆವಿಯಾಗಿ ಎದ್ದು ನಡೆಯುವುದಕ್ಕೆ
ಉತ್ಪತನ ಎಂದು ಹೆಸರು.
ಪಿಯುಸಿಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ,
ಉದಾಹರಣೆ: ಕರ್ಪೂರ.

ಅಮ್ಮ ಒಣಮೀನು ಮಾರುತ್ತಾಳೆ.
ಮಲ್ಪೆಯಲ್ಲಿ ಒಣಗಿದ್ದು ಆಗುಂಬೆ ಹತ್ತುವಷ್ಟರಲ್ಲಿ
ತೇವ ಕುಡಿದು ಮೆತ್ತಗಾಗಿ ಬರುತ್ತದೆ.
ತಗಡಿನ ಮೇಲೆ ಮತ್ತೆ ಹರವುತ್ತಾಳೆ.
ಒಂದು ಸೀಗಡಿ ಎತ್ತಿ ಕಿವಿಯ ಹತ್ತಿರ ಮುರಿದು
ಚಟ್ ಅಂದರೆ ತಕ್ಕಡಿಗೆ.

‘ನಿಮ್ಮ ಮಿಷನ್ ಏನು ಮಾಡುತ್ತೆ?’
‘ಒಣಗಿಸುತ್ತೆ.’
‘ಅಷ್ಟಕ್ಕೆ ಕೋಟಿ ರೂಪಾಯಿಯಾ?’
‘ನಿನ್ನ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ಈಜುತ್ತಾ ಅಮ್ಮ?
ನಮ್ಮದು ಈಜಬೇಕು.’
ಆವತ್ತು ಸ್ವಲ್ಪ ಹೊತ್ತು ಮಾತಾಡಲಿಲ್ಲ ಅವಳು.
ಆಮೇಲೆ ಕೇಳಿದಳು, ‘ಉಪ್ಪು ಹಾಕುತ್ತೀರಾ?’

ಸಕ್ಕರೆ ಹಾಕುತ್ತೇವೆ. ಟ್ರೆಹಲೋಸ್ ಅಂತ.
ನೀರು ಎದ್ದು ಹೋದ ಜಾಗದಲ್ಲಿ
ಕಣಕ್ಕೂ ಕಣಕ್ಕೂ ನಡುವೆ ಅದು ಕೂರುತ್ತದೆ,
ತೀರ್ಥಹಳ್ಳಿ ಬಸ್ಸಿನ ಕಿಟಕಿಯಿಂದ
ಟವೆಲ್ ಎಸೆದು ಸೀಟು ಹಿಡಿದ ಹಾಗೆ.
ಹೋದವನು ತಿರುಗಿ ಬರುವ ತನಕ
ಯಾರೂ ಸರಿದು ಒತ್ತಿ ಕೂರುವಂತಿಲ್ಲ.

ಎರಡು ನಲವತ್ತಕ್ಕೆ ಕರೆಂಟು ಹೋಯಿತು.

ಪಂಪಿನ ಗುಂಯ್ ನಿಂತ ಮೇಲೆ ಗೊತ್ತಾಯಿತು
ಇಷ್ಟು ಹೊತ್ತೂ ಅದು ನನ್ನ ಹಲ್ಲಿನಲ್ಲಿತ್ತು ಎಂದು.
ದಸ್ತಗೀರ್ ಸಾಬರು ಟಾರ್ಚ್ ಬಾಯಲ್ಲಿ ಕಚ್ಚಿ
ಜನರೇಟರಿಗೆ ಬೈದರು, ಬೇಡಿದರು, ಒದ್ದರು.
ಒದ್ದಾಗ ಹತ್ತಿಕೊಂಡಿತು.
ಹನ್ನೊಂದು ನಿಮಿಷ.
ಹಿಂದಿನ ಸಾಲಿನ ತಂತಿ ಹೇಳಿದ್ದು ಮೈನಸ್ ಇಪ್ಪತ್ತಾರು.
ದಾಟಬಾರದ ಗೆರೆ ಮೂವತ್ತೊಂದರಲ್ಲಿತ್ತು.

ಮೂರನೆಯ ಬೆಳಗು ಬಾಗಿಲು ತೆಗೆದರೆ
ಸೀಸೆ ಸೀಸೆಯಲ್ಲೂ ಬತ್ತಾಸಿನಂಥ ಬಿಳಿ ಬಿಲ್ಲೆ.
ಹಾಲೇಶಪ್ಪ ಸರ್ ಒಂದನ್ನು ಬೆಳಕಿಗೆ ಹಿಡಿದು
‘ಲಕ್ಷಣವಾಗಿದೆಯಲ್ಲ’ ಅಂದರು.
ಬರೆ ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ದಾಖಲೆ ಪುಸ್ತಕದ ಮೇಲಿದ್ದ ಪೆನ್ನಿಗೆ
ಮುಚ್ಚಳ ಹಾಕಿ, ಕಾಫಿಗೆ ಹೋದರು.

ಮುಂದಿನ ಸಾಲಿನದೊಂದಕ್ಕೆ ನೀರು ಬಿಟ್ಟೆ.
ಅರೆಗಳಿಗೆಯಲ್ಲಿ ಹಾಲು:
ನೂರ ನಲವತ್ತು ನ್ಯಾನೊಮೀಟರ್, ಹೋದಷ್ಟೇ ಬಂತು.
ಹಿಂದಿನದಕ್ಕೆ ಬಿಟ್ಟೆ.
ಬಿಲ್ಲೆಯ ಅಡಿ ನೆಕ್ಕಿದ ಹಾಗೆ ಕುಗ್ಗಿತ್ತು, ಈಗ ಕಂಡೆ.
ತಿರುಗಿಸಿದೆ, ಕಾದೆ, ಮತ್ತೆ ತಿರುಗಿಸಿದೆ.
ತಳದಲ್ಲಿ ರವೆ.

ಇದು ಯಾರದೋ ರಕ್ತನಾಳಕ್ಕೆ ಹೋಗುವ ನೀರು.
ಮುಚ್ಚಳ ತೆಗೆದು ಬರೆದೆ:
ಎರಡು ನಲವತ್ತರಿಂದ ಎರಡು ಐವತ್ತೊಂದು.
ಸಾಬರ ಒದೆತವನ್ನು ಮಾತ್ರ ಬರೆಯಲಿಲ್ಲ.

ಮುನ್ನೂರ ಹನ್ನೆರಡೂ ಕೆಂಪು ಡಬ್ಬಿಗೆ ಬಿದ್ದವು.
ಸರ್ ನಾಲ್ಕು ದಿನ ಮುಖ ಕೊಡಲಿಲ್ಲ.

ಭಾನುವಾರ ಸಂತೆಯಲ್ಲಿ ಅಮ್ಮನ ಪಕ್ಕ ಕೂತೆ.
‘ಈಜಿತಾ?’ ಅಂದಳು, ತಕ್ಕಡಿಯಿಂದ ಕಣ್ಣೆತ್ತದೆ.
‘ಅರ್ಧ.’
ರಾಶಿಯಿಂದ ಒಂದು ಸೀಗಡಿ ಎತ್ತಿ
ಈ ಸಲ ನನ್ನ ಕಿವಿಯ ಹತ್ತಿರ ಮುರಿದಳು.
ಬಾಗಿತು, ಸದ್ದಾಗಲಿಲ್ಲ.
ಇಡೀ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು,
ಚೀಲ ಬಿಡಿಸಿಕೊಂಡು ಗಿರಾಕಿ ನಿಂತಿರುವಾಗಲೇ.